ಹರಿಗೋಲಲ್ಲಿ ಹೀರೋ ಬದಲಾದ!

ಪಿಯುಸಿಗೆ ಕೈಮುಗಿದು ಪೆನ್ನು ಹಿಡಿದ ಧನಗೆರೆಯ ಹುಡುಗ ನಾನು. ಚೀಲದಲ್ಲಿ ಸದಾ ಒಂದು ಚಿತ್ರಕಥೆ. ಹೀರೋ ವೀರಪ್ಪನ್! ಆ ಮೀಸೆಯೊಂದಿದ್ರೆ ಪಿಚ್ಚರ್ ನೂರು ದಿನ ಗ್ಯಾರಂಟಿ ಅನ್ನೋದು ನನ್ನ ಲೆಕ್ಕ. 2000ದಲ್ಲಿ ಆತ ಅಣ್ಣಾವ್ರನ್ನು 108 ದಿನ ಕಾಡಲ್ಲಿಟ್ಟಾಗ ನಮ್ಮವ್ವ ಅತ್ತಿದ್ದಳಂತೆ. ಅದನ್ನೂ ಮರೆತಿದ್ದೆ ನೋಡಿ.

ಲೊಕೇಶನ್ ನೋಡೋಣವೆಂದು ಮಾದಪ್ಪನ ಬೆಟ್ಟ ದಾಟಿ, ಅವನ ಹುಟ್ಟೂರು ಗೋಪಿನಾಥಂಗೆ ಹೋದೆ. ಕಪ್ಪು ಕನ್ನಡಕ ಹಾಕಿ ಜೀಪು ಹತ್ತಿದೆ. ಕಲ್ಲುದಾರಿ ಸೊಂಟ ಮುರೀತು!

ಜೊತೆಗಿದ್ದ ಗೈಡು ಕೇಳಿದ: "ಶ್ರೀನಿವಾಸ್ ಸಾಹೇಬ್ರು ಗೊತ್ತಾ ಸಾರ್?"

ನಾನು ತಲೆಯಾಡಿಸಿದೆ, ಗೊತ್ತಿಲ್ಲ ಅಂತ.

ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ಊರಿಗೆ ಮಾರಮ್ಮನ ಗುಡಿ ಕಟ್ಟಿಸಿಕೊಟ್ಟವರು. ವೀರಪ್ಪನ್ ಶರಣಾಗುತ್ತಾನೆಂದು ನಂಬಿ 1991ರ ನವೆಂಬರ್ 10ರಂದು ಬರಿಗೈಲಿ ಹೋದರು. ಅವನು ಕೊಂದ. ಆಮೇಲೆ ಕೀರ್ತಿಚಕ್ರ ಬಂತು.

ಅಲ್ಲಿಂದ ಹೊಗೇನಕಲ್. ಎರಡೂ ಕಡೆ ಬಂಡೆಗೋಡೆ, ಮೇಲೆ ಪಟ್ಟಿಯಷ್ಟೇ ಆಕಾಶ, ಕೆಳಗೆ ಕಾವೇರಿ. ಅಂಬಿಗ ಹರಿಗೋಲನ್ನು ಬುಗುರಿಯಂತೆ ತಿರುಗಿಸಿದ. ಅಂಚು ಹಿಡಿದು ಕಿರುಚಿಕೊಂಡೆ. ಅವನು ನಕ್ಕ.

ನನಗೆ ನಗು ಬರಲಿಲ್ಲ. ಅಂಬಿಗ ಜೊತೆಗಿದ್ದೂ ನನಗೆ ಇಷ್ಟು ಭಯ. ಬರಿಗೈಲಿ ಕಾಡು ಹೊಕ್ಕ ಆ ಮನುಷ್ಯನಿಗೆ?

ವಾಪಸು ಬಸ್ಸಲ್ಲಿ ಚಿತ್ರಕಥೆ ತೆಗೆದು ಹೀರೋ ಹೆಸರು ಹೊಡೆದುಹಾಕಿದೆ. ಹೊಸ ಹೀರೋಗೆ ಆ ಮೀಸೆಯಿಲ್ಲ, ಬಂದೂಕಿಲ್ಲ. ನಿರ್ಮಾಪಕರು ಸಿಕ್ತಾರೋ ಇಲ್ವೋ! ನೀವಾದ್ರೂ ಟಿಕೆಟ್ ತಗೋತೀರಾ?