ಉದ್ಯಾನದ ನೆರೆಮನೆ

ಮನೆ ಕಟ್ಟಿ ನೋಡು ಎಂದ ಹಿರಿಯರು, ಮನೆಗೆ ಜಾಗ ಹುಡುಕಿ ನೋಡು ಎಂದು ಹೇಳದೆ ಬಿಟ್ಟುದು ಅವರ ಕಾಲದ ಭಾಗ್ಯ. ಬೆಂಗಳೂರಿನಲ್ಲಿ ಮನೆ ಕೊಳ್ಳಹೊರಟ ಸಂಸಾರವೊಂದನ್ನು ಭಾನುವಾರ ಬೆಳಗ್ಗೆ ಹಿಂಬಾಲಿಸಿದರೆ ಈ ಮಾತಿನ ನಿಜ ತಿಳಿದೀತು. ಮಗ ಕಾಗದಪತ್ರಗಳನ್ನು ವಿಚಾರಿಸುತ್ತಾನೆ; ಸೊಸೆ ನೀರಿನ ಮಾತೆತ್ತುತ್ತಾಳೆ; ಕೋಲೂರಿ ಹಿಂದೆ ಬರುವ ಅಜ್ಜನದು ಮಾತ್ರ ಒಂದೇ ಪ್ರಶ್ನೆ: ಇಲ್ಲಿಂದ ಪಾರ್ಕು ಎಷ್ಟು ದೂರ? ದಳ್ಳಾಳಿ ಕಾದು ನಿಂತಿರುವುದೂ ಆ ಪ್ರಶ್ನೆಗಾಗಿಯೇ. ಪಾರ್ಕು ಹತ್ತಿರವಾದಷ್ಟೂ ಬೆಲೆ ಕೈಗೆ ದೂರವಾಗುತ್ತದೆ.

ಈ ನಂಟಿನ ಬೇರನ್ನು ಕಾಣಬೇಕಾದರೆ ಬಸವನಗುಡಿಗೆ ಹೋಗಬೇಕು. 1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಾಗ, ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ ಒತ್ತೊತ್ತಾಗಿ ಬಾಳುತ್ತಿದ್ದ ಜನ ಕಂಗೆಟ್ಟರು. ಮಲ್ಲೇಶ್ವರ, ಬಸವನಗುಡಿಗಳು ಬೆಳೆದುದು ಆ ಭೀತಿಯ ನೆರಳಿನಲ್ಲಿ. ನೇರವಾದ ಅಗಲ ಬೀದಿಗಳು, ಮನೆಯಿಂದ ಮನೆಗೆ ಅಂತರ, ನಡುನಡುವೆ ಬಯಲು. ಅಂದಿನವರು ಅಲ್ಲಿಗೆ ಗಾಳಿಯನ್ನು ಕೊಳ್ಳಲು ಬಂದರೆಂದರೆ ತಪ್ಪಾಗದು. ಹೂವಿನ ಗಿಡ ನೋಡುವ ಶೋಕಿಗೆ ಬಂದವರಲ್ಲ. ಬದುಕಿ ಉಳಿಯಲೆಂದು ಬಂದವರು. ಬ್ಯೂಗಲ್ ರಾಕಿನ ಬಂಡೆ, ಕೃಷ್ಣರಾವ್ ಉದ್ಯಾನದ ನೆರಳು ಇಂದಿಗೂ ಬಸವನಗುಡಿಯವರ ಸಂಜೆಗಳನ್ನು ಸಾಕುತ್ತಿವೆ.

ಗಾಂಧಿಬಜಾರಿನ ಹೂವಿನ ಸಾಲನ್ನು ದಾಟಿ ಪೂರ್ವಕ್ಕೆ ನಡೆದರೆ ಲಾಲ್‌ಬಾಗಿನ ಪಶ್ಚಿಮದ್ವಾರ. 1760ರಲ್ಲಿ ಹೈದರಾಲಿ ತೊಡಗಿಸಿದ ತೋಟ ಈಗ ಸುಮಾರು 240 ಎಕರೆ. ಅದರೊಳಗಿನ ಹೆಬ್ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಬೆಳಗಿನ ಆರು ಗಂಟೆಗೆ ಆ ಬಂಡೆಯ ಮೇಲೆ ಕುಳಿತವರಲ್ಲಿ ಸಮೀಪದ ನಿವಾಸಿಗಳು ಯಾರು, ದೂರದಿಂದ ಬಂದವರು ಯಾರು ಎಂದು ಪಾದರಕ್ಷೆ ನೋಡಿಯೇ ಹೇಳಬಹುದು. ಸಮೀಪದವರು ಮನೆಯ ಚಪ್ಪಲಿಯಲ್ಲೇ ಬಂದಿರುತ್ತಾರೆ.

ಆದರೆ ತೋಟದ ಬಾಗಿಲಲ್ಲೇ ಮನೆ ಮಾಡುವುದು ಬರಿಯ ಸುಖವಲ್ಲ. ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಗಳಿಗೆ ಊರೆಲ್ಲ ಹರಿದು ಬಂದಾಗ, ಸ್ವಂತ ಗೇಟಿನ ಮುಂದೆ ಪರರ ವಾಹನ ನಿಂತು, ಮನೆಯೊಡೆಯನೇ ಒಳಗೆ ಸೆರೆಯಾಗುವುದುಂಟು. ಅನುಭವಸ್ಥರು ಎರಡು ಬೀದಿ ಈಚೆಗೆ ಮನೆ ನೋಡುತ್ತಾರೆ. ತೋಟದ ಗಾಳಿ ಬರಬೇಕು, ತೋಟದ ಜಾತ್ರೆ ಬರಬಾರದು.

ಬಸವನಗುಡಿಯ ಹಳೆಯ ಮನೆಗಳಿಗೆ ತಮ್ಮದೇ ಆದ ತೋಟವಿತ್ತು. ಮುಂದೆ ಪಾರಿಜಾತ, ಸಂಪಿಗೆ. ಹಿತ್ತಲಲ್ಲಿ ಎರಡು ತೆಂಗು, ಕರಿಬೇವು, ದಾಸವಾಳ. ಬೆಳಗಿನ ಪೂಜೆಗೆ ಹೂವು ಕೊಂಡು ತರುವುದೆಂದರೆ ಆ ಮನೆಗಳ ಅಜ್ಜಿಯರಿಗೆ ಅವಮಾನವೇ ಸರಿ. ಮಕ್ಕಳು ಪಾಲಾದರು, ಅಂತಹ ಎಷ್ಟೋ ಮನೆಗಳು ಉರುಳಿದವು, ಅಂಗಳದ ಅಂಚಿನವರೆಗೂ ಅಪಾರ್ಟ್‌ಮೆಂಟು ಎದ್ದಿತು. ಸಂಪಿಗೆಯ ಮರ ಕಡಿದ ಜಾಗದಲ್ಲೇ ಮೂರನೆಯ ಅಂತಸ್ತಿನ ಬಾಲ್ಕನಿ ನಿಂತು, ಅಲ್ಲಿಂದ ಲಾಲ್‌ಬಾಗಿನ ಹಸಿರು ಕಾಣುವುದೆಂದು ಬೆಲೆ ಕಟ್ಟಲಾಯಿತು. ಹತ್ತು ಮನೆಗಳ ತೋಟ ಅಳಿದು, ಉಳಿದ ಒಂದು ತೋಟಕ್ಕೆ ಹತ್ತು ಪಟ್ಟು ಕಣ್ಣುಗಳಾದವು.

ಉದ್ಯಾನವು ನೆರೆಯ ನೆಲದ ಬೆಲೆಯನ್ನು ಏರಿಸುವುದೆಂಬ ಲೆಕ್ಕ ಬೆಂಗಳೂರಿನ ದಳ್ಳಾಳಿಗಳು ಕಂಡುಹಿಡಿದುದಲ್ಲ. ಇಂಗ್ಲೆಂಡಿನಲ್ಲಿ, ಲಿವರ್‌ಪೂಲಿನ ಎದುರುದಡದ ಬರ್ಕನ್‌ಹೆಡ್ ಪಟ್ಟಣದವರು ಜೋಸೆಫ್ ಪ್ಯಾಕ್ಸ್‌ಟನ್ನನಿಂದ ರಚಿಸಿಕೊಂಡ ಸಾರ್ವಜನಿಕ ಉದ್ಯಾನವನ್ನು 1847ರಲ್ಲಿ ತೆರೆದರು. ಅದರ ವೆಚ್ಚವನ್ನು ಸುತ್ತಲಿನ ನಿವೇಶನಗಳನ್ನು ಮಾರಿ ತೂಗಿಸುವುದು ಅವರ ಉಪಾಯ. ಉದ್ಯಾನ ಹೆಚ್ಚಿಸಿದ ಬೆಲೆ ಹೀಗೆ ಉದ್ಯಾನಕ್ಕೇ ಹಿಂದಿರುಗಿತು. ಲಾಲ್‌ಬಾಗಿನ ಗಿಡಗಳಿಗೆ ನೀರೆರೆಯುವುದು ತೋಟಗಾರಿಕಾ ಇಲಾಖೆ, ಎಂದರೆ ನಾಡಿನ ಎಲ್ಲರ ತೆರಿಗೆ. ಅದರಿಂದ ಏರಿದ ಬೆಲೆಯ ಬಹುಪಾಲು ಸೇರುವುದು ಎದುರಿನ ನಿವೇಶನದವರ ಗಂಟಿಗೆ. ದೂರದ ಬಾಡಿಗೆ ಮನೆಯವರು ಎರಡು ಬಸ್ಸು ಬದಲಿಸಿ ಭಾನುವಾರ ಬಂದು, ಕತ್ತಲಾಗುವ ಮುನ್ನ ಮಕ್ಕಳನ್ನೆಳೆದುಕೊಂಡು ಹೊರಡುತ್ತಾರೆ.

ಲಾಲ್‌ಬಾಗಿಗೆ ಹೆಸರಿದೆ, ಕಾವಲಿದೆ. ಬಡಾವಣೆಯ ಸಣ್ಣ ಪಾರ್ಕಿಗೆ ಅನೇಕ ವೇಳೆ ಇರುವ ಆಧಾರ ನಕ್ಷೆಯ ಮೇಲಿನ ಹಸಿರು ಬಣ್ಣವೊಂದೇ. ಎದುರಿನ ಬಯಲನ್ನು ನೆಚ್ಚಿ ಮನೆ ಕೊಳ್ಳುವವರು ಅದು ಮಂಜೂರಾದ ನಕ್ಷೆಯಲ್ಲಿ ಪಾರ್ಕೋ, ಇನ್ನೂ ಮಾರಾಟವಾಗದ ನಿವೇಶನವೋ ಎಂದು ಮೊದಲು ನೋಡುವುದು ಲೇಸು. ನಕ್ಷೆಯಲ್ಲಿದ್ದರೂ ಚಿಂತೆ ತಪ್ಪದೆಂಬುದನ್ನು ನಗರದ ಉತ್ತರದ ಸದಾಶಿವನಗರದವರು ಬಲ್ಲರು. ಅಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಡುವಂತೆ 1976ರಲ್ಲಿ ಸರ್ಕಾರದ ಆಜ್ಞೆಯಾಯಿತು. ಆಸ್ಪತ್ರೆ ಬೇಡವೆನ್ನಲು ಯಾರಿಗೆ ಬಾಯಿ ಬಂದೀತು? ಆದರೂ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಹೈಕೋರ್ಟಿನ ಏಕನ್ಯಾಯಾಧೀಶರ ಮುಂದೆ ಸೋತರು, ಮೇಲಿನ ಪೀಠದಲ್ಲಿ ಗೆದ್ದರು. ವ್ಯಾಜ್ಯ ದೆಹಲಿಗೆ ಹೋಯಿತು. ಅದು ನಡೆಯುತ್ತಿರುವಾಗಲೇ, 1985ರಲ್ಲಿ, ಉದ್ಯಾನಗಳನ್ನೂ ಆಟದ ಬಯಲುಗಳನ್ನೂ ಕಾಪಾಡಲು ಕರ್ನಾಟಕದಲ್ಲಿ ಕಾಯಿದೆಯೊಂದು ಹುಟ್ಟಿತು. 1991ರಲ್ಲಿ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ತಳ್ಳಿಹಾಕಿ, ಪಾರ್ಕಿಗೆ ಮೀಸಲಾದ ನೆಲವನ್ನು ಹೀಗೆ ಖಾಸಗಿಯವರಿಗೆ ಕೊಡಲಾಗದೆಂದೂ ಅದನ್ನು ಪ್ರಶ್ನಿಸುವ ಅಧಿಕಾರ ಸುತ್ತಲಿನ ನಿವಾಸಿಗಳಿಗೆ ಉಂಟೆಂದೂ ತೀರ್ಪಿತ್ತಿತು. ಅಂದಿನಿಂದ ದೇಶದ ಬೇರೆ ಊರುಗಳವರೂ ತಮ್ಮ ಬೀದಿಯ ಪಾರ್ಕಿಗಾಗಿ ವಾದಿಸುವಾಗ ಆ ತೀರ್ಪಿನ ಪ್ರತಿಯನ್ನು ಜೊತೆಗೆ ಒಯ್ಯುತ್ತಾರೆ.