ಹ್ಯಾಂಡ್‌ಪೋಸ್ಟ್ ದಾಟಿ ಒಂದು ಹಾಡಿಗೆ

ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಎಚ್.ಡಿ. ಕೋಟೆ ಬಸ್ ಹತ್ತಿದಾಗ ನನ್ನ ಬ್ಯಾಗಿನಲ್ಲಿ ಒಂದು ಎಕ್ಸೆಲ್ ಶೀಟಿನ ಪ್ರಿಂಟ್ ಇತ್ತು. ಅದರಲ್ಲಿ ಎರಡು ಸಾಲಿಗೆ ನಾನೇ ಕೆಂಪು ಬಣ್ಣ ಬಳಿದಿದ್ದೆ. ಆಗ ಅದರ ಬಗ್ಗೆ ಸ್ವಲ್ಪ ಹೆಮ್ಮೆಯೇ ಇತ್ತು ಅನ್ನಿ.

ವಿಷಯ ಇಷ್ಟು. ನಾನು ಬೆಂಗಳೂರಿನಲ್ಲಿ ಕೋಡ್ ಬರೆಯೋನು. ನಮ್ಮ ಆಫೀಸಿನಲ್ಲಿ ಸಿಎಸ್‌ಆರ್ ಕೆಲಸಕ್ಕೆ ನಮ್ಮಂಥವರೂ ಕೈಜೋಡಿಸಬಹುದು. ಸಣ್ಣ ಸಂಸ್ಥೆಗಳು ಕಳಿಸುವ ಅರ್ಜಿ ಓದೋದು, ಬಜೆಟ್ ನೋಡೋದು, ಒಮ್ಮೆ ಜಾಗಕ್ಕೆ ಹೋಗಿ ಬರೋದು. ಕಂಪನಿ ಕಾಯ್ದೆ 2013ರ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಮಾರ್ಚ್ 31 ಹತ್ತಿರ ಬಂತು ಅಂದ್ರೆ ಎಲ್ಲ ಕಡೆ ಓಡಾಟ ಜಾಸ್ತಿ. ನಾನು ಹೊರಟಿದ್ದೂ ಫೆಬ್ರವರಿ ಮಧ್ಯದಲ್ಲೇ.

ಅರ್ಜಿ ಹಾಕಿದ್ದು ಜೇನುಕುರುಬರ ಮಕ್ಕಳಿಗೆ ಸಂಜೆ ಪಾಠ ನಡೆಸುವ ಒಂದು ಪುಟ್ಟ ಟ್ರಸ್ಟ್. ಕೇಳಿದ್ದು 7 ಲಕ್ಷ. ಅದರಲ್ಲಿ ಇಬ್ಬರು ಕಾರ್ಯಕರ್ತೆಯರ ಸಂಬಳ 2,16,000, ಓಡಾಟ-ಫೋನಿಗೆ 36,000. ಆಡಳಿತ ವೆಚ್ಚ ಶೇ. 5 ಮೀರಬಾರದು ಅಂತ ಎಲ್ಲೋ ಓದಿದ್ದೆ. 7 ಲಕ್ಷಕ್ಕೆ ಶೇ. 5 ಅಂದ್ರೆ 35,000. ಎರಡೂ ಸಾಲು ಕತ್ತರಿಸಿ, 20 ಟ್ಯಾಬ್ ಇದ್ದ ಸಾಲನ್ನು ಹಾಗೇ ಬಿಟ್ಟು ವಾಪಸ್ ಕಳಿಸಿದ್ದೆ.

ಕೋಟೆ ಪಕ್ಕದ ಹ್ಯಾಂಡ್‌ಪೋಸ್ಟಿನಲ್ಲಿ ಇಳಿದೆ. ಟ್ರಸ್ಟಿನ ಕಾರ್ಯದರ್ಶಿ ಸ್ಕೂಟರ್ ತಂದಿದ್ದರು. ಹೋಟೆಲಿನಲ್ಲಿ ಇಡ್ಲಿ ತಿಂದು ಹೊರಟೆವು. ಹತ್ತಿ ಬಿಡಿಸಿ ಮುಗಿದ ಹೊಲಗಳು, ಹೊಗೆಸೊಪ್ಪು ಹದ ಮಾಡುವ ಎತ್ತರದ ಬ್ಯಾರನ್‌ಗಳು, ಆಮೇಲೆ ಒಣಗಿದ ಕುರುಚಲು ಕಾಡು. ಈ ತಾಲ್ಲೂಕಿಗೆ ದಾನದ ಹಣ ಹೊಸದಲ್ಲ. 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಶುರು ಮಾಡಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸರಗೂರಿನಲ್ಲಿ ಆಸ್ಪತ್ರೆ ಕಟ್ಟಿದ್ದು, ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳಿಗೆ ಶಾಲೆ ತೆರೆದದ್ದು ಎಲ್ಲರಿಗೂ ಗೊತ್ತು. ಅಷ್ಟು ದೊಡ್ಡ ಹೆಸರಿಲ್ಲದ ಸಂಸ್ಥೆಗಳೂ ಇಲ್ಲಿ ಇದ್ದಾವೆ, ಅವುಗಳ ಲೆಕ್ಕ ನೋಡುವುದು ನನ್ನಂಥವರು.

ಜೇನುಕುರುಬರ ಊರಿಗೆ ಹಾಡಿ ಅಂತಾರೆ. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು, 1974ರಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು. ಕಾಡೊಳಗೆ ಇದ್ದ ಎಷ್ಟೋ ಕುಟುಂಬಗಳು ಕಾಡಂಚಿಗೆ ಬಂದವು. ಕಬಿನಿ ಹಿನ್ನೀರಿನ ರೆಸಾರ್ಟುಗಳಲ್ಲಿ ನಾನು ಒಮ್ಮೆ ಟೀಮ್ ಔಟಿಂಗಿಗೆ ಬಂದು ಎರಡು ರಾತ್ರಿ ಉಳಿದಿದ್ದೆ. ಹಾಡಿ ಅನ್ನೋ ಪದ ಆಗ ನನ್ನ ಕಿವಿಗೆ ಬಿದ್ದಿರಲಿಲ್ಲ.

ಹಾಡಿಯಲ್ಲಿ ಮೊದಲು ಕಂಡಿದ್ದು ಮುಚ್ಚಿದ ಮನೆಗಳು. ಅರ್ಧಕ್ಕರ್ಧ ಮನೆ ಖಾಲಿ. ಕೆಲವು ಬಾಗಿಲಿಗೆ ಬೀಗ ಇಲ್ಲ, ತಂತಿ ಸುತ್ತಿ ಬಿಗಿದಿದ್ದರು. “ಎಲ್ಲಿ ಹೋದ್ರು?” ಅಂದೆ. “ಕೊಡಗಿಗೆ, ಕಾಫಿ ಕುಯ್ಯಕ್ಕೆ” ಅಂದರು ಕಾರ್ಯದರ್ಶಿ. ಕಾಫಿ ಹಣ್ಣಾಗುವ ತಿಂಗಳುಗಳಲ್ಲಿ ಎಸ್ಟೇಟಿನ ಜೀಪು ಬೆಳಗಿನ ಜಾವವೇ ಬಂದು ನಿಲ್ಲುತ್ತೆ. ಅಪ್ಪ-ಅಮ್ಮ ಹತ್ತಿದರೆ ಮಕ್ಕಳೂ ಹತ್ತುತ್ತವೆ. ಮಾರ್ಚಿಗೆ ವಾಪಸ್ ಬರುವಾಗ ಪಾಠ ಮುಗಿದು ಪರೀಕ್ಷೆ ಬಂದಿರುತ್ತೆ. ಹೀಗೆ ಎರಡು ವರ್ಷ ಆದರೆ ಮಗು ಶಾಲೆ ಮರೆತ ಹಾಗೇ.

ಪಾಠದ ಕೋಣೆಯ ಗೋಡೆ ಮೇಲೆ ಹಿಂದಿನ ಮೂವರು ದಾನಿಗಳ ಬೋರ್ಡು ಹೊಳೀತಿದ್ದವು. ಬೀರುವಿನಲ್ಲಿ ಆರು ಟ್ಯಾಬ್, ನಾಲ್ಕಕ್ಕೆ ಚಾರ್ಜರ್ ಇಲ್ಲ. ಒಳಗೆ 23 ಮಕ್ಕಳು ಗಣಿತ ಬರೀತಿದ್ದರು. ಅವರ ನಡುವೆ ಕೂತಿದ್ದ ಅಕ್ಕ ಅದೇ ಹಾಡಿಯವರು, ಎಸ್ಸೆಸ್ಸೆಲ್ಸಿ ಓದಿದವರು. ನನ್ನ ಶೀಟಿನಲ್ಲಿ ಅವರ ಹೆಸರಿರಲಿಲ್ಲ, ‘ಕ್ಷೇತ್ರ ಸಿಬ್ಬಂದಿ’ ಅಂತಿತ್ತು.

“ಅಕ್ಕ, ನಿಮ್ಮ ಕೆಲಸ ಏನು?” ಕೇಳಿದೆ.

“ಮಕ್ಳು ಇಲ್ಲೇ ಇರಂಗೆ ನೋಡ್ಕತೀನಿ ಸಾರ್.”

ಅಷ್ಟೇ ಅಂದಿದ್ದು. ಉಳಿದದ್ದನ್ನು ಕೇಳಿ ಕೇಳಿ ತಿಳಿದುಕೊಂಡೆ. ಜೀಪು ಬರುವ ಹಿಂದಿನ ರಾತ್ರಿ ಟಾರ್ಚ್ ಹಿಡಿದು ಮನೆ ಮನೆಗೆ ಹೋಗ್ತಾರೆ. ಮಗೂನ ಅಜ್ಜಿ ಹತ್ರ ಬಿಟ್ಟು ಹೋಗಿ, ನಾನು ನೋಡ್ಕತೀನಿ ಅಂತ ಒಪ್ಪಿಸ್ತಾರೆ. ಅಜ್ಜಿ ಇಲ್ಲದ ಮಕ್ಕಳು ಇದೇ ಕೋಣೆಯಲ್ಲಿ ಮಲಗೋದು, ಜೊತೆಗೆ ಅಕ್ಕನೂ. ಆನೆ ಬರುತ್ತೆ ಅಂತ ರಾತ್ರಿ ಒಂಟಿಯಾಗಿ ಬಿಡೋ ಹಾಗಿಲ್ಲ. ಸಂಜೆ ತಮ್ಮ ಫೋನಿನಿಂದ ಎಸ್ಟೇಟಿಗೆ ಕರೆ ಮಾಡಿ ಒಂದೊಂದೇ ಮಗುವಿಗೆ ಕೊಡ್ತಾರೆ, ಅವ್ವನ ಧ್ವನಿ ಕೇಳಿಸಲಿ ಅಂತ. ಆ ರೀಚಾರ್ಜು ಕೂಡ ನಾನು ಕತ್ತರಿಸಿದ 36,000ದಲ್ಲೇ ಇತ್ತು.

ಅಂದ್ರೆ ಈ ಇಬ್ಬರು ಹೆಂಗಸರೇ ಯೋಜನೆ. ನಾನು ಯೋಜನೆಯನ್ನೇ ಹೊಡೆದು ಹಾಕಿ ಟ್ಯಾಬ್ ಉಳಿಸಿದ್ದೆ.

ಹೊರಗೆ ಬಂದು ಕಾರ್ಯದರ್ಶಿಗೆ ಕ್ಷಮಿಸಿ ಅಂದೆ. ಅವರು ನಕ್ಕರು. “ಎಲ್ರೂ ಅದನ್ನೇ ಕತ್ತರಿಸೋದು ಬಿಡಿ ಸಾರ್. ಮುಂದಿನ ಸಲ ‘ಸಂಪನ್ಮೂಲ ವ್ಯಕ್ತಿ’ ಅಂತ ಬರೀತೀವಿ. ಆಗ ಪಾಸಾಗುತ್ತೆ.” ನನಗೆ ನಗು ಬರಲಿಲ್ಲ.

ಸಂಜೆ ಬಸ್ಸಿನಲ್ಲಿ ನೆಟ್‌ವರ್ಕ್ ಸಿಕ್ಕಿದ ಕೂಡಲೇ ನಿಯಮ ತೆಗೆದು ಸರಿಯಾಗಿ ಓದಿದೆ. ಶೇ. 5ರ ಮಿತಿ ಇರೋದು ಕಂಪನಿ ತನ್ನ ಸಿಎಸ್‌ಆರ್ ಆಡಳಿತಕ್ಕೆ ಮಾಡುವ ಖರ್ಚಿಗೆ! ಯೋಜನೆ ನಡೆಸುವ ಸಂಸ್ಥೆಯ ನಿರ್ವಹಣೆ ಖರ್ಚು ಆ ಲೆಕ್ಕಕ್ಕೆ ಬರೋದಿಲ್ಲ ಅಂತ 2021ರ ಆಗಸ್ಟ್‌ನಲ್ಲಿ ಸಚಿವಾಲಯ ಪ್ರಶ್ನೋತ್ತರದಲ್ಲೇ ಹೇಳಿದೆ. ಕೆಲಸದಲ್ಲಿ ಡಾಕ್ಯುಮೆಂಟೇಶನ್ ಓದದೆ ಕೋಡ್ ಬರೆಯುವ ಜೂನಿಯರ್‌ಗಳನ್ನು ಬೈಯೋನು ನಾನೇ. ಆ ಟ್ರಸ್ಟ್ 12ಎ, 80ಜಿ, ಸಿಎಸ್‌ಆರ್-1 ಅಂತ ಕೇಳಿದ ಕಾಗದವನ್ನೆಲ್ಲ ಒಂದೂ ಬಿಡದೆ ಕೊಟ್ಟಿತ್ತು. ನಾನು ಒಂದು ಪ್ಯಾರಾ ಓದಿರಲಿಲ್ಲ.

ಮೈಸೂರು ಮುಟ್ಟುವ ಮುಂಚೆ ಮೇಲ್ ಕಳಿಸಿದೆ. ತಪ್ಪು ನನ್ನದು ಅಂತ ಮೊದಲ ಸಾಲಿನಲ್ಲೇ ಬರೆದೆ. ಆಮೇಲೆ ಎರಡು ವಾರ ಎಳೆದಾಟ. ಟ್ಯಾಬ್ ಹಂಚಿದರೆ ಫೋಟೊ ಬರುತ್ತೆ, ಸಂಬಳ ಕೊಟ್ಟರೆ ಏನು ಫೋಟೊ ಅಂತ ಒಬ್ಬರು ನೇರವಾಗೇ ಕೇಳಿದರು. ಕೊನೆಗೆ ಎರಡೂ ಸಾಲು ಪಾಸಾದವು, ಟ್ಯಾಬ್ 20ರಿಂದ 8ಕ್ಕೆ ಇಳಿಯಿತು. ಆದರೆ ಒಂದೇ ವರ್ಷಕ್ಕೆ. ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷದವರೆಗೆ ಯೋಜನೆ ಮುಂದುವರಿಸಲು ನಿಯಮದಲ್ಲಿ ಅವಕಾಶ ಇದೆ, ಹಾಗೆ ಮಾಡೋಣ ಅಂತ ಬರೆದು ಕೊಟ್ಟಿದ್ದೇನೆ. ಉತ್ತರ ಬಂದಿಲ್ಲ.

ಜೂನ್‌ನಲ್ಲಿ ಅಕ್ಕ ಫೋನ್ ಮಾಡಿದ್ದರು. ಶಾಲೆ ಶುರುವಾಯ್ತಂತೆ, 23ರಲ್ಲಿ 21 ಮಕ್ಕಳು ಬರ್ತಿದ್ದಾರಂತೆ. ಇಬ್ಬರನ್ನು ಅಪ್ಪ ಬಂದು ಕುಟ್ಟದ ಕಡೆಯ ಎಸ್ಟೇಟಿಗೆ ಕರ್ಕೊಂಡು ಹೋದವನು ಇನ್ನೂ ವಾಪಸ್ ಕಳಿಸಿಲ್ಲ.

“ಮಳೆ ಸ್ವಲ್ಪ ಬಿಡ್ಲಿ, ಹೋಗಿ ಕರ್ಕ ಬತ್ತೀನಿ ಸಾರ್. ಬಸ್ಸು ಫ್ರೀ. ಅಲ್ಲಿಂದ ಎಸ್ಟೇಟಿಗೆ ಜೀಪು. ಜೀಪ್ ಚಾರ್ಜು ಯಾವ ಲೆಕ್ಕದಲ್ಲಿ ಬರೀಲಿ?”