ಮುಗ್ಧಭಕ್ತಿ: ಕೊಡಗೂಸಿನ ಹಾಲಿನಿಂದ ಕಡಬದ ಶಾಲೆಯವರೆಗೆ

ಶರಣ ಪರಂಪರೆಯಲ್ಲಿ ಮುಗ್ಧಭಕ್ತರಿಗೆ ವಿಶೇಷವಾದ ಸ್ಥಾನವಿದೆ. ಬೇಡರ ಕಣ್ಣಪ್ಪ, ರುದ್ರಪಶುಪತಿ, ಬೆಜ್ಜಮಹಾದೇವಿ, ಕೋಳೂರ ಕೊಡಗೂಸು ಮೊದಲಾದವರ ಹೆಸರುಗಳು ವಚನಗಳಲ್ಲಿಯೂ ಶರಣಚರಿತೆಗಳಲ್ಲಿಯೂ ಗೌರವದಿಂದ ಸ್ಮರಣೆಗೊಂಡಿವೆ. ಇವರಾರೂ ಶಾಸ್ತ್ರಗಳನ್ನು ಓದಿ ಭಕ್ತರಾದವರಲ್ಲ. ಶಿವನು ವಿಷ ಕುಡಿದನೆಂಬುದನ್ನು ಪುರಾಣದಲ್ಲಿ ಕೇಳಿದ ರುದ್ರಪಶುಪತಿಗೆ ಅದು ಹಳೆಯ ಕಥೆಯಾಗಿ ಕೇಳಿಸಲಿಲ್ಲ. ಈ ಕ್ಷಣದಲ್ಲಿಯೇ ತನ್ನೊಡೆಯನ ಕೊರಳು ಸುಡುತ್ತಿದೆಯೆಂದು ಅವನ ಜೀವ ತಳಮಳಿಸಿತು. ಶಿವನಿಗೆ ತಾಯಿಯಿಲ್ಲವೆಂದು ಮರುಗಿದ ಬೆಜ್ಜಮಹಾದೇವಿ ತಾನೇ ತಾಯಾಗಿ ಅವನನ್ನು ಉಪಚರಿಸಿದಳು. ಇವರಿಗೆ ದೇವರು ಒಂದು ತತ್ತ್ವವಾಗಿರಲಿಲ್ಲ, ಮನೆಯಲ್ಲಿಯೇ ಇರುವ ಒಬ್ಬನಾಗಿದ್ದನು.

ಇವರಲ್ಲಿ ಕೊಡಗೂಸಿನ ಕಥೆಯನ್ನು ಹರಿಹರ ಮಹಾಕವಿಯು ರಗಳೆಯಾಗಿ ಹಾಡಿದ್ದಾನೆ. ನಿತ್ಯವೂ ಶಿವನಿಗೆ ಹಾಲನ್ನು ಅರ್ಪಿಸುತ್ತಿದ್ದ ತಂದೆ ಪರಸ್ಥಳಕ್ಕೆ ಹೊರಟಾಗ ಆ ಕೆಲಸವನ್ನು ಎಳೆಯ ಮಗಳಿಗೆ ಒಪ್ಪಿಸುತ್ತಾನೆ. ಮಗು ಹಾಲು ಕಾಯಿಸಿ ಗುಡಿಗೆ ಒಯ್ಯುತ್ತದೆ, ಲಿಂಗದ ಮುಂದೆ ಇಡುತ್ತದೆ, ಕಾಯುತ್ತದೆ. ಶಿವನು ಕುಡಿಯಲಿಲ್ಲ. ತಾನೇನೋ ತಪ್ಪು ಮಾಡಿರಬೇಕೆಂದು ಮಗು ಅಂಜುತ್ತದೆ, ಬೇಡುತ್ತದೆ, ಅಳುತ್ತದೆ, ಕಡೆಗೆ ತಲೆಯನ್ನು ಲಿಂಗಕ್ಕೆ ಹೊಡೆದುಕೊಳ್ಳಲು ಮುಂದಾಗುತ್ತದೆ. ಆಗ ಶಿವನು ಪ್ರಕಟಗೊಂಡು ಹಾಲನ್ನು ಕುಡಿಯುತ್ತಾನೆ. ಊರಿನಿಂದ ಮರಳಿದ ತಂದೆ ಪ್ರಸಾದದ ಹಾಲೆಲ್ಲಿ ಎಂದು ಕೇಳುತ್ತಾನೆ. ಶಿವನು ಕುಡಿದನೆಂಬ ಮಗಳ ಮಾತನ್ನು ಅವನು ನಂಬುವುದಿಲ್ಲ. ಕೋಪದಿಂದ ಬೆನ್ನಟ್ಟಿದಾಗ ಹೆದರಿದ ಮಗು ಲಿಂಗದಲ್ಲಿ ಲೀನವಾಗುತ್ತದೆ. ತಂದೆಯ ಕೈಯಲ್ಲಿ ಉಳಿಯುವುದು ಮಗಳ ಕೂದಲು ಮಾತ್ರ.

ಈ ಕಥೆಯನ್ನು ಕೇಳುವವರ ಗಮನ ಸಹಜವಾಗಿಯೇ ಮಗುವಿನ ಕಡೆಗೆ ಹೋಗುತ್ತದೆ. ಆದರೆ ತಂದೆಯ ಸ್ಥಿತಿಯೂ ವಿಚಾರಣೀಯವಾದುದು. ಅವನು ನಾಸ್ತಿಕನಲ್ಲ. ದಿನ ತಪ್ಪದೆ ಪೂಜಿಸಿದವನು, ಮಗಳಿಗೆ ಪೂಜೆಯನ್ನು ಕಲಿಸಿದವನು. ಆದರೂ ತಾನು ಅರ್ಪಿಸಿದ್ದನ್ನು ಶಿವನು ಸ್ವೀಕರಿಸಬಹುದೆಂಬ ನಿರೀಕ್ಷೆ ಅವನಲ್ಲಿ ಎಂದೋ ಬತ್ತಿಹೋಗಿತ್ತು. ಕ್ರಿಯೆ ಉಳಿದಿತ್ತು, ಭಾವ ಹೋಗಿತ್ತು. ಪೂಜೆಯಲ್ಲಿ ನುರಿತ ಎಷ್ಟೋ ಭಕ್ತರ ಸ್ಥಿತಿಯೂ ಇದೇ ಅಲ್ಲವೇ?

ಇದಕ್ಕೆ ನಿದರ್ಶನವಾಗಿ ಶ್ರೀಮಠದ ಭಕ್ತರೊಬ್ಬರ ಅನುಭವವನ್ನು ಇಲ್ಲಿ ಸ್ಮರಿಸುವುದು ಉಚಿತ. ವಿಜಯಪುರ ಜಿಲ್ಲೆಯ ಒಕ್ಕಲುಮನೆತನದಲ್ಲಿ ಹುಟ್ಟಿದ ಇವರು ಪ್ರಾಥಮಿಕ ಶಾಲಾ ಶಿಕ್ಷಕರು. ಉತ್ತರ ಕರ್ನಾಟಕದ ಅನೇಕ ಶಿಕ್ಷಕರಂತೆ ಇವರಿಗೂ ದಕ್ಷಿಣ ಕನ್ನಡದಲ್ಲಿ ನೇಮಕಾತಿ ದೊರೆಯಿತು. ಕಡಬದ ಸಮೀಪ, ಅಡಿಕೆ ತೋಟಗಳ ನಡುವಿನ ಒಂದು ಸಣ್ಣ ಸರಕಾರಿ ಶಾಲೆ. ಆಗ ಕಡಬವು ಪುತ್ತೂರು ತಾಲ್ಲೂಕಿಗೆ ಸೇರಿದ್ದಿತು. ಪ್ರತ್ಯೇಕ ತಾಲ್ಲೂಕಾದುದು ಅನಂತರ. ಪುತ್ತೂರು, ಸುಳ್ಯದ ಸೀಮೆ ಒಂದು ಕಾಲಕ್ಕೆ ಇಕ್ಕೇರಿಯ ಅರಸರ, ಬಳಿಕ ಕೊಡಗಿನ ಹಾಲೇರಿ ಅರಸರ ಅಧೀನದಲ್ಲಿದ್ದ ನಾಡು. ಎರಡೂ ಲಿಂಗಧಾರಿಗಳ ಮನೆತನಗಳೇ. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ ಈ ಸೀಮೆಯು ಕೆನರಾ ಜಿಲ್ಲೆಗೆ ಸೇರಿತು. ಇಂದು ಅಲ್ಲಿ ಲಿಂಗವಂತರ ಮನೆಗಳು ವಿರಳ. ಕೊರಳಲ್ಲಿ ಕರಡಿಗೆ ಧರಿಸಿದ ಶಿಕ್ಷಕರು ಆ ಊರಿನ ಮಕ್ಕಳಿಗೆ ಹೊಸಬರಾಗಿಯೇ ಕಂಡರು.

ಒಂದು ಆಷಾಢದಲ್ಲಿ ಊರಿನಿಂದ ಕರೆ ಬಂದಿತು: ತಾಯಿಗೆ ವಿಷಮಿಸಿದೆ, ಕೂಡಲೇ ಹೊರಡಬೇಕು. ಮೂರು ದಿನಗಳಿಂದ ಮಳೆ ಬಿಟ್ಟಿರಲಿಲ್ಲ. ಕಡಬದಿಂದ ಉಪ್ಪಿನಂಗಡಿಗೆ ಹೋಗುವ ದಾರಿಯಲ್ಲಿ, ಗುಂಡ್ಯ ಹೊಳೆಗೆ ಅಡ್ಡಲಾಗಿ ಹೊಸಮಠದಲ್ಲಿ ಅಂದು ಇದ್ದುದು ಹಳೆಯ ಮುಳುಗುಸೇತುವೆ; ಪ್ರತಿ ಮಳೆಗಾಲದಲ್ಲಿಯೂ ನೆರೆ ಬಂದಾಗ ಅದರ ಮೇಲೆ ನೀರು ಹರಿದು ಸಂಚಾರ ನಿಲ್ಲುತ್ತಿತ್ತು. ಎತ್ತರದ ಹೊಸ ಸೇತುವೆ ಬಂದುದು ಆಮೇಲೆ. ಶಿಕ್ಷಕರು ಆ ರಾತ್ರಿ ಕೆಂಪು ನೀರಿನ ಈಚೆ ದಡದಲ್ಲಿ, ಮುಚ್ಚಿದ ಅಂಗಡಿಯೊಂದರ ಜಗುಲಿಯ ಮೇಲೆ ಕುಳಿತು ಬೆಳಗು ಮಾಡಿದರು. ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದರು. ಅವರು ಊರು ಮುಟ್ಟುವಷ್ಟರಲ್ಲಿ ತಾಯಿಯನ್ನು ಸಮಾಧಿ ಮಾಡಿ ಒಂದು ದಿನ ಕಳೆದಿತ್ತು. ಮಣ್ಣು ಇನ್ನೂ ಹಸಿಯಾಗಿತ್ತು. ಕೊರಳಿಗೆ ಲಿಂಗ ಕಟ್ಟಿಸಿ, ಅಂಗೈಯಲ್ಲಿ ಅದನ್ನು ಹಿಡಿಯುವುದನ್ನು ಕಲಿಸಿದ ತಾಯಿಯ ಮುಖವನ್ನು ಕಡೆಯ ಬಾರಿ ನೋಡಲು ಅವರಿಗಾಗಲಿಲ್ಲ.

ಕಡಬಕ್ಕೆ ಮರಳಿದ ಮೇಲೂ ಪೂಜೆ ನಿಲ್ಲಲಿಲ್ಲ. ಬೆಳಗಿನಲ್ಲಿ ಸ್ನಾನ, ವಿಭೂತಿ, ಎಡದ ಅಂಗೈಯಲ್ಲಿ ಇಷ್ಟಲಿಂಗ, ಪತ್ರೆ, ಮಂತ್ರ ಎಲ್ಲವೂ ನಡೆದವು. ಆದರೆ ಲಿಂಗದಲ್ಲಿ ದೃಷ್ಟಿ ನಿಲ್ಲುತ್ತಿರಲಿಲ್ಲ. ಪೂಜೆ ಬಿಟ್ಟರೆ ತಾಯಿಗೆ ದ್ರೋಹವಾಗುವುದೆಂಬ ಅಂಜಿಕೆಯೊಂದೇ ಅದನ್ನು ನಡೆಸುತ್ತಿತ್ತು. ಯಾರೊಡನೆಯೂ ಇದನ್ನು ಹೇಳಲಿಲ್ಲ. ಲಿಂಗದೊಡನೆಯೂ ಹೇಳಲಿಲ್ಲ.

ಮುಂದಿನ ಜೂನಿನಲ್ಲಿ ಅವರಿಗೆ ನಲಿಕಲಿ ತರಗತಿ ಬಂದಿತು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕುಳಿತು ಕಾರ್ಡುಗಳನ್ನು ಹಿಡಿದು ಕಲಿಯುವ ಪದ್ಧತಿಯಿದು. ಶಿಕ್ಷಕರಾದವರು ಕುರ್ಚಿಯ ಮೇಲೆ ಕೂಡುವಂತಿಲ್ಲ; ಮಕ್ಕಳ ಜೊತೆ ನೆಲದ ಮೇಲೆಯೇ ಕೂರಬೇಕು. ಕೆಲವರ ಮನೆಮಾತು ತುಳು, ಕೆಲವರದು ಅರೆಭಾಷೆ. ಆರು ವರ್ಷದ ಬಾಲಕಿಯೊಬ್ಬಳು ಒಂದು ದಿನ ಅವರ ಕೊರಳಿನ ಕರಡಿಗೆಯನ್ನೇ ನೋಡುತ್ತ ಕೇಳಿದಳು:

“ಮಾಷ್ಟ್ರೇ, ಅದರ ಒಳಗೆ ಯಾರುಂಟು?”

“ದೇವರು.”

“ಮುಚ್ಚಿದರೆ ಅವರಿಗೆ ಉಸಿರು ಕಟ್ಟುವುದಿಲ್ಲವಾ?”

ಶಿಕ್ಷಕರು ನಕ್ಕು ಸುಮ್ಮನಾದರು. ಬಾಲಕಿ ಸುಮ್ಮನಾಗಲಿಲ್ಲ. ಮರುದಿನ ಮನೆಯಿಂದ ಒಂದು ಕದಳಿ ಬಾಳೆಹಣ್ಣನ್ನು ತಂದು, ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಾಗ ಅವರ ಕೈಗಿತ್ತಳು. ಶಾಲೆಯ ಬಿಸಿಯೂಟಕ್ಕೆ ನಾಡಿನಲ್ಲಿ ‘ಅಕ್ಷರ ದಾಸೋಹ’ವೆಂದು ಹೆಸರು. 2002ರಲ್ಲಿ ಆರಂಭವಾದ ಆ ಯೋಜನೆಗೆ ಶರಣರ ಮಾತನ್ನೇ ಇಟ್ಟಿದ್ದಾರೆ. ಎಲ್ಲರಿಗೂ ಊಟ ಸಿಗುವಾಗ ಕರಡಿಗೆಯೊಳಗಿನವರಿಗೆ ಮಾತ್ರ ಏಕಿಲ್ಲ ಎಂಬುದು ಅವಳ ಲೆಕ್ಕ.

“ದೇವರು ಹಣ್ಣು ತಿನ್ನುವುದಿಲ್ಲಮ್ಮ” ಎಂದರು ಶಿಕ್ಷಕರು.

“ನೀವು ಅವರ ಹತ್ರ ಕೇಳಿದ್ದೀರಾ?”

ಆ ಮಗುವಿನ ಮಾತಿನಲ್ಲಿ ಕುಹಕವಿರಲಿಲ್ಲ. ತಿಳಿಯಬೇಕೆಂಬ ಆಸೆಯೊಂದೇ ಇತ್ತು. ಶಿಕ್ಷಕರಿಗೆ ಉತ್ತರ ಹೊಳೆಯಲಿಲ್ಲ. ಅಂದು ರಾತ್ರಿ ಲಿಂಗವನ್ನು ಅಂಗೈಯಲ್ಲಿರಿಸಿಕೊಂಡಾಗ ಮಂತ್ರ ಬಾಯಿಗೆ ಬರಲಿಲ್ಲ. ಬಂದುದು ಊರಿನ ಮಾತು: “ನಮ್ಮವ್ವನ ಮುಖಾ ನನಗ್ಯಾಕ ತೋರಿಸಲಿಲ್ಲೋ ತಂದೆ?” ವರ್ಷದಿಂದ ಕಟ್ಟಿಕೊಂಡಿದ್ದ ದುಃಖವೂ ಕೋಪವೂ ಒಡೆದು ಹರಿದವು. ಯಾವ ಉತ್ತರವೂ ಬರಲಿಲ್ಲ. ಆದರೆ ತಾನು ಮಾತನಾಡುತ್ತಿರುವುದು ಒಬ್ಬನೊಡನೆ ಎಂಬ ಅರಿವು ಬಹುದಿನಗಳ ಮೇಲೆ ಅವರಿಗೆ ಮರಳಿ ಬಂದಿತು.

ಮರುದಿನ ಬಾಲಕಿ ಮರೆಯದೆ ಬಂದು ಕೇಳಿದಳು, “ಕೇಳಿದ್ರಾ? ಏನು ಹೇಳಿದರು?”

“ಕೇಳಿದೆ. ಇನ್ನೂ ಏನೂ ಹೇಳಿಲ್ಲ.”

“ಹಾಗಾದರೆ ನಾಳೆ ಪುನಃ ಕೇಳಿ” ಎಂದು ಹೇಳಿ ಆಟಕ್ಕೆ ಓಡಿದಳು.

ಶಿವಾನುಭವ ಗೋಷ್ಠಿಯಲ್ಲಿ ಇದನ್ನು ನಿವೇದಿಸಿಕೊಂಡಾಗ ಆ ಶಿಕ್ಷಕರು ಒಂದು ಮಾತನ್ನು ಒತ್ತಿ ಹೇಳಿದರು: ತಾಯಿಯ ಅಗಲಿಕೆಯ ನೋವು ಇಂದಿಗೂ ಹೋಗಿಲ್ಲ, ಹೋದುದು ದೇವರೊಡನೆ ಇದ್ದ ಮೌನ ಮಾತ್ರ.

ಮುಗ್ಧಭಕ್ತಿಯ ಮರ್ಮ ಇಲ್ಲಿಯೇ ಇದೆ. ಮುಗ್ಧತೆಯೆಂದರೆ ಬಂದುದನ್ನೆಲ್ಲ ಮರುಮಾತಿಲ್ಲದೆ ಒಪ್ಪುವುದಲ್ಲ. ಕೊಡಗೂಸು ಸುಮ್ಮನೆ ಕೈಮುಗಿದು ಮನೆಗೆ ಮರಳಲಿಲ್ಲ. ಹಟ ಹಿಡಿದಳು, ಅತ್ತಳು, ಶಿವನನ್ನು ಸುಮ್ಮನಿರಗೊಡಲಿಲ್ಲ. ಮಗುವು ಮುನಿಸಿಕೊಳ್ಳುವುದು ಎದುರಿಗೆ ಇದ್ದಾರೆಂದು ನಂಬಿದವರೊಡನೆ ಮಾತ್ರ. ಇಲ್ಲದವರೊಡನೆ ಯಾರೂ ಜಗಳವಾಡುವುದಿಲ್ಲ. ಬಸವಣ್ಣನವರೂ ಅಕ್ಕಮಹಾದೇವಿಯೂ ತಮ್ಮ ಆರಾಧ್ಯದೈವವನ್ನು ಪ್ರಶ್ನಿಸಿದ, ದೂರಿದ, ಸವಾಲೊಡ್ಡಿದ ವಚನಗಳು ಎಷ್ಟಿಲ್ಲ! ಅವೆಲ್ಲವೂ ಇಂಥ ಸಲಿಗೆಯ ಮಾತುಗಳೇ ಆಗಿವೆ.

ಮುಗ್ಧತೆಯನ್ನು ಮೌಢ್ಯದೊಡನೆ ಬೆರೆಸಲಾಗದು. ಮೌಢ್ಯವು ಪ್ರಶ್ನೆಗೆ ಅಂಜುತ್ತದೆ. ಮುಗ್ಧತೆಗೆ ಪ್ರಶ್ನೆಯೇ ಉಸಿರು. ಅದೇ ಶಿಕ್ಷಕರು ಮಕ್ಕಳನ್ನು ಒಮ್ಮೆ ಪುತ್ತೂರಿನ ಪರ್ಲಡ್ಕದ ಬಾಲವನಕ್ಕೆ ಕರೆದೊಯ್ದರು. ಡಾ. ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ, ಮಕ್ಕಳನ್ನು ಕೂಡಿಸಿಕೊಂಡು ಶಿಕ್ಷಣದ ಪ್ರಯೋಗಗಳನ್ನು ನಡೆಸಿದ ತಾಣವದು. 1936ರಲ್ಲಿ ಕನ್ನಡದ ಮಕ್ಕಳಿಗಾಗಿ ಅವರು ‘ಬಾಲಪ್ರಪಂಚ’ವೆಂಬ ವಿಶ್ವಕೋಶವನ್ನು ರಚಿಸಿದರು. ಕಾರಂತರು ದೇವರ ವಿಷಯದಲ್ಲಿ ಸುಲಭವಾಗಿ ಏನನ್ನೂ ಒಪ್ಪಿದವರಲ್ಲ. ಆದರೂ ಅವರಂಥ ವಿಚಾರವಾದಿಯೂ ಶರಣರೂ ಕೂಡುವ ಒಂದು ಎಡೆಯಿದೆ: ಮಗುವಿನ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದೆಂಬುದು. ಮರವೇಕೆ ಹಸಿರು ಎಂದು ಕೇಳುವ ಮಗುವೇ ದೇವರಿಗೆ ಹಸಿವಾಗುವುದಿಲ್ಲವೇ ಎಂದೂ ಕೇಳುತ್ತದೆ. ಎರಡೂ ಒಂದೇ ಬಯಲಿನಲ್ಲಿ ಅರಳಿದ ಹೂಗಳು.

ಷಟ್‌ಸ್ಥಲದ ಮೊದಲ ಮೆಟ್ಟಿಲು ಭಕ್ತಸ್ಥಲ. ಅದರ ಭಕ್ತಿ ಶ್ರದ್ಧಾಭಕ್ತಿ. ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸಗಳು ಆಮೇಲಿನವು. ಎಷ್ಟು ಎತ್ತರಕ್ಕೆ ಏರಿದವನಿಗೂ ಮೊದಲ ಮೆಟ್ಟಿಲು ಕಳಚಿದರೆ ನಿಲ್ಲಲು ನೆಲೆಯಿರದು. ಕಳಚಿದ ಆ ಮೆಟ್ಟಿಲನ್ನು ಮತ್ತೆ ಕೂಡಿಸಬಲ್ಲ ಗುರುವು ಕೆಲವೊಮ್ಮೆ ಮನೆಯ ಅಂಗಳದಲ್ಲಿಯೇ ಆಡುತ್ತಿರುತ್ತಾನೆ. ಆದುದರಿಂದ ಲಿಂಗಪೂಜೆಯ ಹೊತ್ತಿನಲ್ಲಿ ಮಕ್ಕಳು ಬಳಿಗೆ ಬಂದರೆ ಗದರಿಸಿ ಅಟ್ಟಬಾರದು. ಅವರು ಕೇಳಲಿ, ಮುಟ್ಟಲು ಹಾತೊರೆಯಲಿ, ತಮ್ಮ ಪಾಲಿನ ಹಣ್ಣಿನ ತುಣುಕನ್ನು ನೀಡಲಿ. ಶಿವನು ಹಾಲು ಕುಡಿದನೆಂದು ಮಗು ಬಂದು ಹೇಳಿದ ದಿನ, ಕೋಳೂರಿನ ತಂದೆಯಂತೆ ಸಿಟ್ಟಾಗದೆ, ಒಂದು ಕ್ಷಣ ನಿಂತು ಕೇಳುವ ತಾಳ್ಮೆ ಹಿರಿಯರಿಗೆ ಇರಲಿ.